ಕಾಡಂಚಿನ ಒಣಮರ, ಬೇಲಿವರೆಗೂ ಬಂದಿರೋ ಲಂಟಾನ: ಯಾರು ತೆಗೀಬೇಕು, ಹೆಂಗೆ ತೆಗೀಬೇಕು?

ಕಂದಕದಾಚೆ:

ಎಲ್ರಿಗೂ ನಮಸ್ಕಾರ. ನಮ್ದು ಗುಂಡ್ಲುಪೇಟೆ ತಾಲ್ಲೂಕು, ಬಂಡೀಪುರ ಕಾಡಿಗೆ ಅಂಟ್ಕೊಂಡಿರೋ ಊರು. ನಮ್ಮ ಹೊಲಕ್ಕೂ ಕಾಡಿಗೂ ನಡುವೆ ಇರೋದು ಒಂದು ಆನೆ ಕಂದಕ, ಅದರ ಪಕ್ಕ ಸೋಲಾರ್ ತಂತಿ, ಅಷ್ಟೇ. ಕಂದಕದ ಆಚೆ ದಡದಲ್ಲಿ ಮೂರು ಮರ ಒಣಗಿ ನಿಂತವೆ. ಒಂದು ಮತ್ತಿ, ಒಂದು ದಿಂಡಿಗ, ಇನ್ನೊಂದು ತೊಗಟೆ ಪೂರ್ತಿ ಉದುರೋಗಿ ಬೆತ್ತಲೆ ನಿಂತಿದೆ, ಅದ್ಯಾವ ಮರ ಅಂತ ನಮ್ಮಪ್ಪಂಗೂ ಗೊತ್ತಾಗ್ತಿಲ್ಲ. ಮರದ ಬುಡದಿಂದ ನಮ್ಮ ತಂತಿವರೆಗೂ ಲಂಟಾನ ಅನ್ನೋ ಮುಳ್ಳುಪೊದೆ, ಆಳುದ್ದಕ್ಕಿಂತ ಮೇಲೆ, ಒಳಗೆ ಆನೆ ನಿಂತ್ರೂ ಕಾಣಲ್ಲ.

ಹೋದ ವರ್ಷ ಮುಂಗಾರಿಗೆ ಮುಂಚೆ ಗಾಳಿಮಳೆ ಬಂತಲ್ಲ, ಆವಾಗ ದಿಂಡಿಗದ ಒಂದು ಕೊಂಬೆ ಮುರಿದು ನಮ್ಮ ಪಂಪ್‌ಸೆಟ್ಟಿಗೆ ಬರೋ ಕರೆಂಟ್ ಲೈನ್ ಮೇಲೇ ಬಿತ್ತು. ಕಿಡಿ ಹಾರಿದ್ದು ಕಣ್ಣಾರೆ ನೋಡಿದೀನಿ. ನೆಲ ಒದ್ದೆ ಇತ್ತು ಅಂತ ಬಚಾವ್. ಅದೇ ಫೆಬ್ರವರೀಲಿ ಬಿದ್ದಿದ್ರೆ?

ಕರೆಂಟ್ ಆಫೀಸಿಗೆ ಹೋದ್ರೆ ಮರ ಅರಣ್ಯದವರ್ದು ನಾವು ಮುಟ್ಟಂಗಿಲ್ಲ ಅಂದ್ರು. ಅರಣ್ಯದ ಆಫೀಸಿಗೆ ಹೋದ್ರೆ ಒಣಮರ ತೆಗೆಯೋಕೆ ಸುಪ್ರೀಂ ಕೋರ್ಟ್ ಬಿಡಲ್ಲ ಕಣಪ್ಪ, ಬೇಕಾದ್ರೆ ಒಂದು ಅರ್ಜಿ ಕೊಟ್ಟೋಗು ಅಂದ್ರು. ಕೊಟ್ಟೆ. ಏಳು ತಿಂಗಳಾಯ್ತು. ಈಗ ಡಿಸೆಂಬರ್, ಇನ್ನೊಂದು ತಿಂಗಳಲ್ಲಿ ಎಲ್ಲಾ ಕಡ್ಡಿಪುಡಿ ಆಗುತ್ತೆ.

ನನ್ನ ಪ್ರಶ್ನೆ ಇಷ್ಟೇ: ನಿಜವಾಗ್ಲೂ ಒಣಮರ ತೆಗೆಯಂಗಿಲ್ವಾ? ನಾನೇ ರಾತ್ರೋರಾತ್ರಿ ಕೊಯ್ದ್ರೆ ಏನಾಗುತ್ತೆ (ಬೈಬೇಡಿ, ಕೇಳ್ತಿದೀನಿ ಅಷ್ಟೆ)? ಲಂಟಾನಕ್ಕೆ ಈಗ್ಲೇ ಬೆಂಕಿ ಕೊಟ್ಟುಬಿಟ್ರೆ ಬೇಸಿಗೇಲಿ ಸುಡೋಕೆ ಏನೂ ಇರಲ್ಲ ಅಂತ ನಮ್ಮೂರಲ್ಲಿ ಕೆಲವರು ಹೇಳ್ತಾರೆ, ಸರೀನಾ?

---

ನೇರಮಾತು:

ಅಲ್ಲಾ ಗುರು ಇಡೀ ಕಾಡಲ್ಲಿ ಕೋಟಿಗಟ್ಲೆ ದುಡ್ಡಿನ ಮರ ಒಣಗಿ ಗೆದ್ದಲು ಹಿಡಿದು ಬಿದ್ದಿದೆ, ಅದನ್ನ ಹರಾಜು ಹಾಕಿದ್ರೆ ಸರ್ಕಾರಕ್ಕೂ ಕಾಸು, ಸುತ್ತಮುತ್ತ ಊರೋರಿಗೂ ಸೌದೆ, ಬೆಂಕಿಗೆ ಸೌದೇನೇ ಇಲ್ಲ ಅಂದ್ಮೇಲೆ ಎಲ್ಲಿಂದ ಹತ್ತುತ್ತೆ? ಎಸಿ ರೂಮಲ್ಲಿ ಕೂತು ಒಣಮರ ಬೇಕು, ಹಕ್ಕಿ ಬೇಕು ಅಂತಾರೆ. 2019ರಲ್ಲಿ ಹೆಲಿಕಾಪ್ಟರ್ ತಂದು ನೀರು ಸುರಿಯೋ ಗತಿ ಬಂತಲ್ಲ, ಆ ದುಡ್ಡಲ್ಲಿ ಎಷ್ಟು ಮರ ತೆಗೀಬಹುದಿತ್ತು ಲೆಕ್ಕ ಹಾಕಿ.

---

ಹಳೇವಾಚರ್:

ಮೇಲಿನ ಅಣ್ಣಾವ್ರೆ, ಒಂದು ಕೆಲಸ ಮಾಡಿ. ಒಲೆ ಹತ್ತಿಸೋವಾಗ ಮೊದ್ಲು ದಪ್ಪ ಕೊರಡಿಗೆ ಕಡ್ಡಿ ಗೀರಿ ನೋಡಿ. ಹತ್ತುತ್ತಾ? ಮೊದ್ಲು ತರಗು, ಆಮೇಲೆ ಚಕ್ಕೆ, ಆಮೇಲೆ ಪುಳ್ಳೆ, ಕೊನೇಗೆ ಕೊರಡು. ಕಾಡೂ ಹಂಗೇ. ಬೆಂಕಿ ಓಡೋದು ತರಗು, ಒಣಹುಲ್ಲು, ಲಂಟಾನದ ಮೇಲೆ. ದಪ್ಪ ಮರ ಬೆಂಕೀನ ಓಡಿಸಲ್ಲ.

ನಾನು ಹದಿನಾಲ್ಕು ಬೇಸಿಗೆ ಫೈರ್ ವಾಚರ್ ಆಗಿ ದಿನಗೂಲೀಲಿ ದುಡಿದವ್ನು. 2019ರ ಫೆಬ್ರವರೀಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಇದ್ದೆ. ಆ ಬೆಂಕೀಲಿ ಸುಮಾರು 4,400 ಹೆಕ್ಟೇರ್ ಹೋಯ್ತು, ಎಕರೆ ಲೆಕ್ಕದಲ್ಲಿ ಹತ್ತಿರತ್ತಿರ 11 ಸಾವಿರ. ಮಿಗ್ ಅಲ್ಲ ಮಿ-17 ಅಂತ ವಾಯುಪಡೆ ಹೆಲಿಕಾಪ್ಟರು, ಕೆಳಗೆ ದೊಡ್ಡ ಬಕೆಟ್ ತೂಗಾಕ್ಕೊಂಡು ನೀರು ಸುರಿದ್ರು. ಅದು ಬರೋ ಹೊತ್ತಿಗೆ ನಾವು ಎಷ್ಟೋ ದಿನದಿಂದ ಸೊಪ್ಪಲ್ಲಿ ಬಡೀತಾ ಇದ್ವಿ. ಸೊಪ್ಪು ಅಂದ್ರೆ ಹಸಿರು ಕೊಂಬೆ, ಹತ್ತು ಏಟಿಗೆ ಎಲೆಯೆಲ್ಲಾ ಸೀದು ಕೈಲಿ ಬರೀ ಕಡ್ಡಿ ಉಳಿಯುತ್ತೆ, ಮತ್ತೆ ಇನ್ನೊಂದು ಮುರ್ಕೊಳೋದು. ಹುಲ್ಲಿನ ಬೆಂಕಿ ಆದ್ರೆ ಬಡಿದು ಆರಿಸ್ಬೋದು, ಮೊಣಕಾಲುದ್ದ ಇರುತ್ತೆ, ಮುಖ ಆಚೆ ತಿರುಗ್ಸಿ ಹೊಡೀತೀವಿ. ಲಂಟಾನಕ್ಕೆ ಹತ್ತಿದ್ರೆ ಹತ್ತಿರಾನೇ ಹೋಗಕ್ಕಾಗಲ್ಲ. ಅದು ಬುಡದಲ್ಲಿ ಒಣಕಡ್ಡಿ, ಮೇಲೆ ಬಳ್ಳಿ ಥರ ಮರಕ್ಕೆ ಹತ್ಕೊಂಡಿರುತ್ತೆ, ನೆಲದ ಬೆಂಕಿಗೆ ಏಣಿ ಇಟ್ಟಂಗೆ. ಒಂದು ಸಲ ಭೊರ್ ಅಂದ್ರೆ ನೇರ ಮರದ ನೆತ್ತಿಗೆ. ಅದರ ಮಧ್ಯೆ ಒಣಬಿದಿರು ಇದ್ರಂತೂ ಪಟಾಕಿ ಸಿಡಿದಂಗೆ ಗೆಣ್ಣು ಸಿಡಿಯುತ್ತೆ, ಇಳಿಜಾರಲ್ಲಿ ಉರಿಯೋ ಬೊಂಬು ಉರುಳ್ಕೊಂಡು ನಮ್ಮ ಹಿಂದಕ್ಕೆ ಬಂದುಬಿಡುತ್ತೆ.

ಹಂಗಾದ್ರೆ ಒಣಮರದಿಂದ ತೊಂದ್ರೆ ಇಲ್ವಾ? ಇದೆ. ಆದ್ರೆ ಎಲ್ಲಾ ಮರದಿಂದ ಅಲ್ಲ. ಫೈರ್‌ಲೈನ್ (ಬೆಂಕಿ ದಾಟದಂಗೆ ಗಿಡಗಂಟಿ ಸವರಿ ಸುಟ್ಟು ಖಾಲಿ ಮಾಡಿದ ಪಟ್ಟಿ) ಪಕ್ಕ ಒಂದು ಪೊಟರೆ ಇರೋ ಒಣಮರ ಇದೆ ಅಂತಿಟ್ಕೊಳಿ. ಬುಡದಲ್ಲಿ ಬೆಂಕಿ ಹೊಕ್ತು ಅಂದ್ರೆ ಅದು ಹೊಗೆಗೂಡು ಆಗುತ್ತೆ, ಕೆಳಗಿಂದ ಗಾಳಿ ಎಳ್ಕೊಂಡು ಮೇಲಿಂದ ಕಿಡಿ ಉಗುಳ್ತಾ ಇರುತ್ತೆ, ಆ ಕಿಡಿ ನಾವು ಬೆವರು ಸುರಿಸಿ ಮಾಡಿದ ಲೈನ್ ದಾಟಿ ಆಚೆ ಬೀಳುತ್ತೆ. ಬೆಂಕಿ ಆರಿದ ಮೇಲೂ ಎರಡು ಮೂರು ದಿನ ಒಳಗೊಳಗೇ ಕಾಯ್ತಿರುತ್ತೆ, ಮೂರನೇ ದಿನ ಮಧ್ಯಾಹ್ನ ಗಾಳಿ ಎದ್ರೆ ಮತ್ತೆ ಶುರು. ಆನೆಲದ್ದೀನೂ ಹಂಗೇ, ಒಣಗಿದ ಲದ್ದಿ ಊದುಬತ್ತಿ ಥರ ಗಂಟೆಗಟ್ಲೆ ಹೊಗೆಯಾಡುತ್ತೆ. ಅದಕ್ಕೇ ಬೆಂಕಿ ಹಾಕೋ ಕೇಡಿಗಳು ಲದ್ದೀಲಿ ಕಿಡಿ ಇಟ್ಟು ಹೋಗ್ತಾರೆ, ಉರಿ ಏಳೋ ಹೊತ್ತಿಗೆ ಅವ್ರು ಮನೇಲಿ ಊಟ ಮಾಡ್ತಿರ್ತಾರೆ.

ಅದಕ್ಕೆ ನನ್ನ ಲೆಕ್ಕ ಇಷ್ಟೇ. ಲೈನ್ ಪಕ್ಕದ್ದು, ರಸ್ತೆ ಮೇಲೆ ಬೀಳೋದು, ಕರೆಂಟ್ ತಂತಿ ಮೇಲೆ ಬೀಳೋದು, ಮನೆ ಮೇಲೆ ಬೀಳೋದು, ಇವನ್ನ ಉರುಳಿಸಿ. ಕಾಡೊಳಗಿರೋದನ್ನ ಬಿಟ್ಟುಬಿಡಿ. ಅದ್ರಲ್ಲಿ ಗಿಳಿ, ಗೂಬೆ, ಮರಕುಟಿಗ ಸಂಸಾರ ಮಾಡ್ಕೊಂಡಿರ್ತವೆ. ಒಣಮರ ತರ್ತೀನಿ ಅಂತ ಲಾರಿ ಕಾಡೊಳಕ್ಕೆ ಬಿಟ್ರೆ ಹಸಿಮರಕ್ಕೂ ಸುತ್ತ ತೊಗಟೆ ಸುಲಿದು ಒಣಗಿಸೋರು ಹುಟ್ಕೋತಾರೆ, ಆ ಕಾಲಾನೂ ನೋಡಿದೀನಿ.

ಇನ್ನ ನಿಮ್ಮ ಪ್ರಶ್ನೆ, ಕಂದಕದಾಚೆ ಅವ್ರೆ. ದಯವಿಟ್ಟು ಲಂಟಾನಕ್ಕೆ ಬೆಂಕಿ ಮಾತ್ರ ಕೊಡ್ಬೇಡಿ. ಈಗ ಡಿಸೆಂಬರಲ್ಲಿ ಅದು ಹಸಿ ಇರುತ್ತೆ, ಅರೆಬರೆ ಸುಡುತ್ತೆ, ಬೇರು ಸಾಯಲ್ಲ, ಮೊದಲ ಮಳೆಗೆ ಒಂದಿದ್ದ ಕಡೆ ಹತ್ತು ಚಿಗುರು. ಪಕ್ಕದ ಹುಲ್ಲು, ಸಣ್ಣ ಸಸಿ ಮಾತ್ರ ಸತ್ತು ಲಂಟಾನಕ್ಕೇ ಜಾಗ ಬಿಟ್ಟಂಗಾಗುತ್ತೆ. ಮತ್ತೆ ಕೇಸು ಬೇರೆ. ನಮ್ಮೋರು ಫೈರ್‌ಲೈನ್ ಸುಡೋದು ನೋಡಿ ನೀವೂ ಅಂದ್ಕೊಂಡಿರ್ತೀರಿ. ಅದಕ್ಕೆ ಕ್ರಮ ಇದೆ. ಮೊದ್ಲು ಗಿಡಗಂಟಿ ಸವರಿ ಅಲ್ಲೇ ಒಣಗಕ್ಕೆ ಬಿಡ್ತೀವಿ, ಅಂಚಿನ ತರಗು ಗುಡಿಸಿ ಒಳಕ್ಕೆ ಎಳೀತೀವಿ, ಇಬ್ಬನಿ ಇನ್ನೂ ಇರೋ ಹೊತ್ತಲ್ಲಿ ಇಲ್ಲಾ ಸಂಜೆ ಗಾಳಿ ಸತ್ತ ಮೇಲೆ ಗಾಳಿಗೆ ಎದುರಾಗಿ ಸುಡ್ತೀವಿ, ಎರಡೂ ಕಡೆ ಸೊಪ್ಪು ಹಿಡ್ಕೊಂಡು ಜನ ನಿಂತಿರ್ತಾರೆ. ಅಷ್ಟೆಲ್ಲಾ ಮಾಡಿದ್ರೂ ಒಂದೊಂದ್ಸಲ ಕೈತಪ್ಪುತ್ತೆ. 2017ರ ಫೆಬ್ರವರೀಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋಗಿ ಒಬ್ಬ ಗಾರ್ಡ್ ತೀರ್ಕೊಂಡ್ರು. ತರಬೇತಿ ಇದ್ದೋರ ಕಥೇನೇ ಹಿಂಗೆ.

---

ಕರಿಕೋಟು:

ಕಾನೂನಿನ ಭಾಗ ನಾನು ಹೇಳ್ತೀನಿ, ಮೈಸೂರಲ್ಲಿ ಪ್ರಾಕ್ಟೀಸ್ ಮಾಡ್ತೀನಿ.

ಆಫೀಸಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಗೋದಾವರ್ಮನ್ ಕೇಸ್ ಕೇಳಿರ್ತೀರಿ, 1995ರದ್ದು, ಅದರಲ್ಲಿ 2000ನೇ ಇಸವಿ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡ್ತು: ರಾಷ್ಟ್ರೀಯ ಉದ್ಯಾನ ಮತ್ತೆ ಅಭಯಾರಣ್ಯಗಳಿಂದ ಸತ್ತ, ರೋಗ ಬಂದ, ಸಾಯ್ತಿರೋ, ಗಾಳಿಗೆ ಬಿದ್ದ ಮರ, ತೇಲಿಬಂದ ದಿಮ್ಮಿ, ಹುಲ್ಲು ಯಾವುದನ್ನೂ ಹೊರಗೆ ತೆಗೆಯಂಗಿಲ್ಲ ಅಂತ. ಒಣಮರದ ಹೆಸರಲ್ಲಿ ಏನೇನು ಸಾಗ್ತಿತ್ತು ಅನ್ನೋದು ಹಳೇವಾಚರ್ ಅವ್ರ ಕೊನೇ ಮಾತಲ್ಲೇ ಇದೆ, ಜಾಸ್ತಿ ಹೇಳ್ಬೇಕಿಲ್ಲ. ನೇರಮಾತು ಅವ್ರು ಹೇಳಿದ ಹರಾಜು ಬಂಡೀಪುರದಲ್ಲಿ ಆಗದೇ ಇರೋದು ಇದಕ್ಕೇ. ಇದು ಮೀಸಲು ಅರಣ್ಯಕ್ಕೆ ಅಂದ್ರೆ ರಿಸರ್ವ್ ಫಾರೆಸ್ಟಿಗೆ ಹಂಗೇ ಅನ್ವಯಿಸಲ್ಲ, ಅಲ್ಲಿ ವರ್ಕಿಂಗ್ ಪ್ಲಾನ್ ಅಂದ್ರೆ ಆ ಕಾಡಿನ ನಿರ್ವಹಣಾ ಯೋಜನೆ ಪ್ರಕಾರ ಇಲಾಖೆ ಒಣಮರ ತೆಗೆದು ಡಿಪೋಗೆ ಹಾಕ್ಬೋದು. ಜನ ಎರಡನ್ನೂ ಒಂದೇ ಅಂದ್ಕೊಂಡು ಜಗಳ ಆಡ್ತಾರೆ.

ಆದ್ರೆ ಮರ ಸಾಗಿಸೋದು ಬೇರೆ, ಜನರ ಜೀವಕ್ಕೆ ಅಪಾಯ ಇದೆ ಅಂತ ಇಲಾಖೆಯವರೇ ಮೇಲಿನ ಅನುಮತಿ ತಗೊಂಡು ಮರ ಉರುಳಿಸಿ ಅಲ್ಲೇ ಬಿಡೋದು ಬೇರೆ. ಊಟಿ ರಸ್ತೇಲಿ ಹೋಗ್ತಾ ನೋಡಿ, ರಸ್ತೆಗೆ ಬಿದ್ದ ಮರಾನ ತುಂಡು ಮಾಡಿ ಪಕ್ಕಕ್ಕೆ ತಳ್ಳಿರ್ತಾರೆ, ಅದು ಅಲ್ಲೇ ಕೊಳೀತಾ ಇರುತ್ತೆ, ಯಾರೂ ಮನೆಗೆ ತಗೊಂಡೋಗಲ್ಲ. ಅದಕ್ಕೆ ನಿಮ್ಮ ಅರ್ಜೀಲಿ "ಒಣಮರ ತೆಗೆಸಿಕೊಡಿ" ಅಂತ ಬರೆದಿದ್ರೆ ಹೊಸದಾಗಿ ಬರೀರಿ. "ಇಂಥ ಜಾಗದಲ್ಲಿ ಇಂಥ ಮರ ವಿದ್ಯುತ್ ಮಾರ್ಗದ ಮೇಲೆ ವಾಲಿದೆ, ಇಂಥ ದಿನ ಕೊಂಬೆ ಬಿದ್ದು ಕಿಡಿ ಹಾರಿದೆ, ಕಾಳ್ಗಿಚ್ಚಿನ ಅಪಾಯ ಇದೆ, ಸ್ಥಳ ಪರಿಶೀಲನೆ ಮಾಡಿ" ಅಂತ. ಫೋಟೊ, ಜಿಪಿಎಸ್ ಲೊಕೇಶನ್ ಹಾಕಿ. ಒಂದು ಪ್ರತಿ ಅರಣ್ಯದ ಆಫೀಸಿಗೆ, ಒಂದು ಕರೆಂಟಿನವರಿಗೆ, ಒಂದು ತಹಶೀಲ್ದಾರ್‌ಗೆ. ತಹಶೀಲ್ದಾರ್ ಯಾಕೆ ಅಂದ್ರೆ 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 68(5)ರಲ್ಲಿ ಲೈನಿಗೆ ಅಡ್ಡಿ ಆಗೋ ಮರಾನ ತೆಗೆಸೋಕೆ ಕರೆಂಟಿನವರು ಅರ್ಜಿ ಹಾಕೋದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಹತ್ರ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ. ಮುಂದೆ ಏನಾದ್ರೂ ಆದ್ರೆ ಆ ಸೀಲೇ ನಿಮ್ಮ ಸಾಕ್ಷಿ.

ರಾತ್ರೋರಾತ್ರಿ ಕೊಯ್ಯೋ ಮಾತು ಮಾತ್ರ ಬೇಡ ಸ್ವಾಮಿ. ವನ್ಯಜೀವಿ ಕಾಯ್ದೆ 1972, ಅದೂ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ಮರ ಬಿಡಿ, ನಿಮ್ಮ ಹೊಲದಲ್ಲೇ ಇರೋ ಮರಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ತೆಂಗು, ಸಿಲ್ವರ್ ಓಕ್, ರಬ್ಬರ್ ಅಂಥ ಕೆಲವು ಬಿಟ್ರೆ ವೃಕ್ಷಾಧಿಕಾರಿ ಅನುಮತಿ ಬೇಕು. ಆದ್ರೆ ಅಲ್ಲಿ ಮರ ಸತ್ತಿದ್ರೆ, ಬಿದ್ದಿದ್ರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ರೆ ಅನುಮತಿ ನಿರಾಕರಿಸಂಗಿಲ್ಲ ಅಂತಾನೇ ಇದೆ. ಅಂದ್ರೆ ಮರ ಕಂದಕದ ಈಚೆ ದಡದಲ್ಲಿ ಹುಟ್ಟಿದ್ರೆ ನಿಮ್ಮ ಕೆಲಸ ಎಷ್ಟೋ ಸಲೀಸಾಗ್ತಿತ್ತು. ಹತ್ತಡಿ ವ್ಯತ್ಯಾಸ.

---

ದೊಡ್ಡಸಂಪಿಗೆ:

ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ, ಈಗ ಚಾಮರಾಜನಗರದಲ್ಲಿ ಕೆಲಸ. ಹಳೇವಾಚರ್ ಅಣ್ಣ ಹೇಳಿದ್ದು ಸರಿ, ಆದ್ರೆ ಒಂದು ಮಾತು ಸೇರಿಸ್ಬೇಕು.

ನಮ್ಮ ತಾತಂದಿರು ಪ್ರತಿ ವರ್ಷ ಕಾಡಿಗೆ ಬೆಂಕಿ ಕೊಡ್ತಿದ್ರು. ಕೇಡಿಗಲ್ಲ. ಅದಕ್ಕೆ ತರಗುಬೆಂಕಿ ಅಂತ ಹೆಸರು. ಬೇಸಿಗೆ ಏರೋ ಮುಂಚೇನೇ, ಎಲೆ ಉದುರಿ ಇನ್ನೂ ನೆಲದಲ್ಲಿ ತಂಪು ಇರೋವಾಗ, ತರಗು ಮಾತ್ರ ಸುಟ್ಟು ಹೋಗ್ತಿತ್ತು, ಕಾಲಡಿ ಹರಿಯೋ ಬೆಂಕಿ, ಮರದ ಬುಡ ಬೆಚ್ಚಗಾಗೋದು ಅಷ್ಟೆ. ಆಮೇಲೆ ಮಳೆಗೆ ಹೊಸ ಹುಲ್ಲು, ಹುಲ್ಲಿಗೆ ಜಿಂಕೆ, ಕಡವೆ. ನೆಲ್ಲಿಕಾಯಿ ಕೀಳೋಕೆ, ಜೇನಿಗೆ, ಗೆಡ್ಡೆಗೆ ಹೋಗೋರಿಗೆ ಎದುರಿಗೆ ಆನೆ ಇದ್ರೆ ದೂರದಿಂದ್ಲೇ ಕಾಣೋದು. 1974ರಲ್ಲಿ ಅಭಯಾರಣ್ಯ ಮಾಡಿದ್ರು, ಕಾಡೊಳಗಿದ್ದ ನಮ್ಮೋರನ್ನ ಪೋಡುಗಳಿಗೆ, ಅಂದ್ರೆ ಸೋಲಿಗರ ಹಾಡಿಗಳಿಗೆ, ತಂದು ಕೂರಿಸಿದ್ರು, ಬೆಂಕಿ ಕೊಡೋದು ಅಪರಾಧ ಆಯ್ತು. ಆಮೇಲೆ ಏನಾಯ್ತು? ಲಂಟಾನ ಏರ್ತಾ ಬಂತು. ನೆಲ್ಲಿ ಮರದ ಮೇಲೆ ಉಪ್ಪಿಲು ಹತ್ತಿತು. ಉಪ್ಪಿಲು ಅಂದ್ರೆ ಮರದ ಮೇಲೆ ಬೆಳೆಯೋ ಬದನಿಕೆ ಜಾತಿ ಗಿಡ, ಮರದ ಸತ್ವ ಹೀರುತ್ತೆ. ಹೊಗೆ ಬೆಂಕಿ ಇದ್ದಾಗ ಉಪ್ಪಿಲು ಇಷ್ಟು ಇರ್ಲಿಲ್ಲ ಅಂತ ನಮ್ಮ ಅಜ್ಜಿ ಈಗ್ಲೂ ಹೇಳುತ್ತೆ. ಸಂಶೋಧನೆ ಮಾಡೋರು ಬಂದು ಇದನ್ನೆಲ್ಲಾ ಬರ್ಕೊಂಡೂ ಹೋಗಿದಾರೆ.

ಹಂಗಾಗಿ ನೀವು ಕೇಳೋ ಒಣಮರ ಯಾಕೆ ಒಣಗ್ತು ಅಂತಾನೂ ಯಾರಾದ್ರೂ ಕೇಳ್ಬೇಕು. 2011ರಲ್ಲಿ ನಮಗೆ ಅರಣ್ಯ ಹಕ್ಕು ಕಾಯ್ದೆಲಿ ಸಮುದಾಯ ಹಕ್ಕುಪತ್ರ ಬಂತು. ಕಿರು ಉತ್ಪನ್ನ ತರೋ ಹಕ್ಕು ಇದೆ. ತರಗುಬೆಂಕಿ ಕೊಡೋ ಮಾತು ಬಂದ್ರೆ ಮಾತ್ರ ಎಲ್ರೂ ಬೆಚ್ಚಿಬೀಳ್ತಾರೆ. ಬೇಸಿಗೇಲಿ ಬೆಂಕಿ ಬಿದ್ದಾಗ ಮಾತ್ರ ಆರಿಸೋಕೆ ಜೀಪ್ ಕಳ್ಸಿ ಕರ್ಕೊಂಡೋಗೋದು ಸೋಲಿಗರನ್ನ, ಜೇನುಕುರುಬರನ್ನ, ಬೆಟ್ಟಕುರುಬರನ್ನ.

---

ಹಳೇವಾಚರ್:

ದೊಡ್ಡಸಂಪಿಗೆ ತಮ್ಮ, ನಿಮ್ಮ ಹಿರೀಕರ ಬೆಂಕಿ ಬಗ್ಗೆ ನನಗೆ ಗೌರವ ಇದೆ, ನನಗೆ ಬೆಂಕಿ ಓದೋದು ಕಲಿಸಿದ್ದೇ ಒಬ್ಬ ಜೇನುಕುರುಬ ಮಾವ. ಹೊಗೆ ಬಾಗೋದು ನೋಡಿ ಇನ್ನು ಅರ್ಧ ಗಂಟೇಲಿ ಗಾಳಿ ತಿರುಗುತ್ತೆ ಅನ್ನೋರು, ತಿರುಗೋದು. ಆದ್ರೆ ಈಗಿನ ಕಾಡಲ್ಲಿ ಆ ಬೆಂಕಿ ಕೊಡಕ್ಕಾಗಲ್ಲ ಕಣಪ್ಪ. ಆವಾಗ ಮರದ ಕೆಳಗೆ ಹುಲ್ಲಿತ್ತು. ಈಗ ಲಂಟಾನ. ಕಾಲಡಿ ಹರಿಯೋ ಬೆಂಕಿ ಇವತ್ತು ಕೊಟ್ರೆ ತಲೆ ಮೇಲೆ ಹೋಗುತ್ತೆ. ಮೊದ್ಲು ಲಂಟಾನ ಕಿತ್ತು, ಎರಡು ಮೂರು ವರ್ಷ ಬೆನ್ನು ಹತ್ತಿ ಚಿಗುರು ಕಿತ್ತು, ಹುಲ್ಲು ಬಂದ ಮೇಲೆ ಬೇಕಾದ್ರೆ ಮಾತಾಡೋಣ.

---

ದೊಡ್ಡಸಂಪಿಗೆ:

ಅದನ್ನ ಒಪ್ತೀನಿ ಅಣ್ಣ. ನಮ್ಮ ಹಿರಿಯರೂ ಅದನ್ನೇ ಹೇಳೋದು, ಈಗ ಬೆಂಕಿ ಬಿಟ್ರೆ ನಮ್ಮ ಮಾತು ಕೇಳಲ್ಲ ಅಂತ. ಆದ್ರೆ ಕೀಳೋ ಕೆಲಸ ಯಾರಿಗೆ ಕೊಡ್ತಾರೆ, ಹೆಂಗೆ ಕೀಳ್ತಾರೆ ಅನ್ನೋದೂ ಮುಖ್ಯ. ಕಂಟ್ರಾಕ್ಟಿನವ್ರು ಮಚ್ಚಲ್ಲಿ ಮೇಲ್ಮೇಲೆ ಸವರಿ ಬಿಲ್ ಮಾಡ್ಕೊಂಡು ಹೋದ್ರೆ ಮುಂದಿನ ವರ್ಷ ಡಬಲ್. ಸರಿಯಾದ ಕ್ರಮ ಅಂದ್ರೆ ಗುದ್ದಲಿ ಇಲ್ಲಾ ಹಾರೆ ತಗೊಂಡು ಬುಡದ ಮಣ್ಣು ಸ್ವಲ್ಪ ಬಿಡಿಸಿ, ಚಿಗುರೋ ಗಂಟಿನ ಕೆಳಗೆ, ಮಣ್ಣಿಂದ ಒಂದೆರಡು ಇಂಚು ಒಳಗೆ ತಾಯಿಬೇರು ಕಡೀಬೇಕು, ಆಮೇಲೆ ಗಿಡಾನ ತಲೆಕೆಳಗು ಮಾಡಿ ಬೇರು ಮೇಲಕ್ಕೆ ಇಟ್ಟು ಒಣಗಕ್ಕೆ ಬಿಡ್ಬೇಕು. ಕಾಯಿ ಕಪ್ಪಾಗೋಕೆ ಮುಂಚೆ ಮಾಡಿದ್ರೆ ಒಳ್ಳೇದು, ಇಲ್ದಿದ್ರೆ ಹಕ್ಕಿ ತಿಂದು ಬೇರೆ ಕಡೆ ಬಿತ್ತನೆ ಮಾಡಿಬಿಡುತ್ತೆ.

ಕಿತ್ತ ಕಡ್ಡಿಗೂ ಉಪಯೋಗ ಇದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ನಮ್ಮೋರು ಲಂಟಾನದಲ್ಲಿ ಕುರ್ಚಿ, ಮೇಜು ಮಾಡ್ತಾರೆ, ಕಡ್ಡಿ ಬೇಯಿಸಿ ತೊಗಟೆ ಸುಲಿದು ಬಾಗಿಸೋದು, ಬೆತ್ತದ ಥರಾನೇ. 2024ರಲ್ಲಿ ಲಾಲ್‌ಬಾಗಲ್ಲಿ ನಿಲ್ಸಿದ್ದ ಆನೆ ಬೊಂಬೆಗಳು ನೋಡಿದೀರಾ? ನಿಜವಾದ ಆನೆ ಗಾತ್ರ. ಅವೆಲ್ಲಾ ಲಂಟಾನ ಕಡ್ಡೀನೇ.

---

ನೇರಮಾತು:

ಬೊಂಬೆ ಮಾಡಿ ಎಷ್ಟು ಎಕರೆ ಖಾಲಿ ಮಾಡ್ತೀರ ಬಿಡಿ ಬ್ರದರ್ 😄 ಆದ್ರೆ ಒಲೆ ಉದಾಹರಣೆ ಒಪ್ಪಿದೆ ವಾಚರ್ ಅಣ್ಣ.

---

ದರಕುಗುಡಿಸೋನು:

ಶಿರಸಿ ಕಡೆಯಿಂದ ಎರಡು ಮಾತು. ನಮ್ಮಲ್ಲಿ ತರಗಿಗೆ ದರಕು ಅಂತೇವೆ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದಿರೋ ಸೌಲಭ್ಯ ಇದೆ, ಜಾಗ ಸರ್ಕಾರದ್ದು, ಸೊಪ್ಪು ದರಕು ತರೋದು ನಮ್ಮದು. ಜನವರಿ ದಾಟಿದ ಮೇಲೆ ಮನೆಮಂದಿಯೆಲ್ಲಾ ಬೆಟ್ಟಕ್ಕೆ ಹೋಗಿ ದರಕು ಗುಡಿಸಿ ದೊಡ್ಡ ಕಲ್ಲಿಯಲ್ಲಿ (ಹಗ್ಗದ ಬಲೆಚೀಲ) ತುಂಬಿ ತರೋದು, ಕೊಟ್ಟಿಗೆಗೆ ಹಾಸೋದು, ಅದೇ ಗೊಬ್ಬರ ಆಗಿ ತೋಟಕ್ಕೆ. ಗುಡಿಸಿದ ಬೆಟ್ಟಕ್ಕೆ ಬೆಂಕಿ ಬಿದ್ದರೂ ಓಡೋದಕ್ಕೆ ಏನೂ ಇರ್ತಿರಲಿಲ್ಲ ಮಾರಾಯ್ರೆ. ಇದನ್ನ ಯಾರೂ ಕಾಳ್ಗಿಚ್ಚು ತಡೆಯೋ ಯೋಜನೆ ಅಂತ ಮಾಡಿದ್ದಲ್ಲ, ಗೊಬ್ಬರಕ್ಕೆ ಮಾಡಿದ್ದು.

ಈಗ ಊರಲ್ಲಿ ಹುಡುಗರಿಲ್ಲ, ದನ ಇಲ್ಲ, ಗೊಬ್ಬರ ಚೀಲದಲ್ಲಿ ಬರ್ತದೆ. ನಮ್ಮ ಬೆಟ್ಟದಲ್ಲೇ ಮೊಣಕಾಲು ಹುಗಿಯೋ ಹಾಗೆ ದರಕು ಬಿದ್ದಿದೆ. ಪಕ್ಕದಲ್ಲಿ ಅಕೇಶಿಯಾ ಪ್ಲಾಂಟೇಶನ್ ಬೇರೆ, ಅದರ ಎಲೆ ಬೇಗ ಕೊಳೆಯೋದೂ ಇಲ್ಲ, ಬಿಸಿಲಿಗೆ ಹಪ್ಪಳದ ಹಾಗೆ ಗರಿಗರಿ. ನಾವು ಮೂರು ಮನೆಯವರು ಸೇರಿ ಈಗ ಬೆಟ್ಟದ ಅಂಚಲ್ಲಿ, ರಸ್ತೆ ಬದಿಯಲ್ಲಿ ಮಾತ್ರ ಬ್ಲೋವರ್ ಹಿಡಿದು ದರಕು ಹಾರಿಸ್ತೇವೆ, ಅಡಿಕೆ ತೋಟಕ್ಕೆ ಅಂತ ತಗೊಂಡ ಮಷಿನ್ನೇ. ಎರಡಾಳು ಅರ್ಧ ದಿನದಲ್ಲಿ ಮಾಡೋ ಕೆಲಸ ಒಂದು ಗಂಟೆಯಲ್ಲಿ ಆಗ್ತದೆ, ಕಿವಿ ಮಾತ್ರ ಹೋಗ್ತದೆ. ಗುಂಡ್ಲುಪೇಟೆಯವರು ನಿಮ್ಮ ಈಚೆ ಬದಿಯಲ್ಲಿ ಇದನ್ನ ಮಾಡಬಹುದಲ್ಲ, ಅದಕ್ಕೆ ಯಾರ ಪರ್ಮಿಶನ್ನೂ ಬೇಡ.

---

ಸಾಕ್ರಮೆಂಟೊಕನ್ನಡಿಗ:

ಹಲೋ, ಮೂಲ ಹಾಸನ, ಈಗ ಕ್ಯಾಲಿಫೋರ್ನಿಯಾ. ಇಲ್ಲಿ ಇದೇ ಜಗಳ ದೊಡ್ಡ ಲೆವೆಲ್ಲಲ್ಲಿ ನಡೀತಾ ಇರುತ್ತೆ ಅದಕ್ಕೆ ಬರೀತಿದೀನಿ. ಕಂದಕದಾಚೆ ಅವ್ರ ಭಯ ಸುಮ್ಮನೆ ಅಲ್ಲ. 2021ರ ಜುಲೈನಲ್ಲಿ ಇಲ್ಲಿ ಡಿಕ್ಸಿ ಫೈರ್ ಅಂತ ಆಯ್ತು, ಕರೆಂಟ್ ಲೈನಿನ ಮೇಲೆ ಒಂದು ಮರ, ಒಂದೇ ಒಂದು ಡಗ್ಲಸ್ ಫರ್ ವಾಲಿಕೊಂಡಿದ್ದು, ಸುಟ್ಟಿದ್ದು 9.6 ಲಕ್ಷ ಎಕರೆ, ಗ್ರೀನ್‌ವಿಲ್ ಅನ್ನೋ ಊರು ಬಹುಪಾಲು ಬೂದಿ. ಹೊಗೆ ನಮ್ಮ ಮನೆವರೆಗೂ ಬಂದಿತ್ತು, ಮಕ್ಕಳನ್ನ ವಾರಗಟ್ಲೆ ಆಚೆ ಬಿಟ್ಟಿರ್ಲಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಆಕಾಶ ಅರಿಶಿನ ಕಲಸಿದಂಗೆ.

ಇಲ್ಲೂ ನೂರು ವರ್ಷ ಮಾಡಿದ ತಪ್ಪು ದೊಡ್ಡಸಂಪಿಗೆ ಅವ್ರು ಹೇಳಿದ್ದೇ. ಮೂಲನಿವಾಸಿಗಳು, ಕರುಕ್, ಯುರೋಕ್ ಜನ, ಸಣ್ಣ ಸಣ್ಣ ಬೆಂಕಿ ಕೊಡ್ತಿದ್ರು, ಅದನ್ನ ನಿಲ್ಸಿದ್ರು. 1910ರಲ್ಲಿ ದೊಡ್ಡ ಕಾಳ್ಗಿಚ್ಚು ಆದ್ಮೇಲೆ ಹೆದ್ರಿ, 1935ರಲ್ಲಿ ಫಾರೆಸ್ಟ್ ಸರ್ವೀಸ್‌ನವ್ರು ಯಾವುದೇ ಬೆಂಕಿ ಕಂಡ್ರೂ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆ ಒಳಗೆ ಹತೋಟಿಗೆ ತರಬೇಕು ಅಂತ ರೂಲ್ ಮಾಡಿದ್ರು. ಬೆಂಕಿ ಆರಿಸಿದ್ರು, ಸೌದೆ ಮಾತ್ರ ವರ್ಷ ವರ್ಷ ಜಮಾ ಆಯ್ತು. ಆಮೇಲೆ ಬರ, ತೊಗಟೆ ಕೊರೆಯೋ ಹುಳ, 2010ರಿಂದ 2017ರೊಳಗೆ ಈ ಒಂದೇ ರಾಜ್ಯದಲ್ಲಿ ಸುಮಾರು 13 ಕೋಟಿ ಮರ ಸತ್ತವು. ಅಷ್ಟನ್ನ ಯಾವ ಸರ್ಕಾರ ತೆಗೆಯುತ್ತೆ ಹೇಳಿ? ಇಲ್ಲೂ ಕೊನೆಗೆ ರಸ್ತೆ, ಲೈನು, ಕ್ಯಾಂಪ್‌ಗ್ರೌಂಡ್, ಮನೆ ಪಕ್ಕದ್ದಕ್ಕೇ ಮೊದಲ ಆದ್ಯತೆ. ಬಿಡ್ಡಿಂಗ್ ಕರೆದ್ರೆ ಬರೋರು ಒಳ್ಳೇ ಮರ ಕೇಳ್ತಾರೆ, ಕಡ್ಡಿಪುಡಿ ಪೊದೆ ಯಾರಿಗೂ ಬೇಡ, ಬೆಂಕಿಗೆ ಬೇಕಿರೋದು ಆ ಕಡ್ಡಿಪುಡೀನೇ.

ಇನ್ನೊಂದು. ರಾಶಿ ಹಾಕಿ ಸುಡೋರಿಗೆ ಎಚ್ಚರಿಕೆ. ನ್ಯೂ ಮೆಕ್ಸಿಕೋದಲ್ಲಿ 2022ರಲ್ಲಿ ಫಾರೆಸ್ಟ್ ಸರ್ವೀಸ್‌ನವ್ರೇ ಬೆಂಕಿ ತಡೆಯೋಕೆ ಅಂತ ಹಾಕಿದ ಎರಡು ಬೆಂಕಿ ಕೈತಪ್ಪಿ ಒಂದಾಗಿ 3.4 ಲಕ್ಷ ಎಕರೆ ಸುಡ್ತು, ಆ ರಾಜ್ಯದ ಇತಿಹಾಸದಲ್ಲೇ ದೊಡ್ಡದು. ಅದರಲ್ಲಿ ಒಂದು ಜನವರೀಲಿ ಸುಟ್ಟ ಕಡ್ಡಿರಾಶಿ. ಮೇಲೆ ಹಿಮ ಬಿದ್ದು ಆರಿದೆ ಅಂದ್ಕೊಂಡಿದ್ರು. ಒಳಗೆ ಮೂರು ತಿಂಗಳು ಕೆಂಡ ಇಟ್ಕೊಂಡು ಏಪ್ರಿಲ್ ಗಾಳಿಗೆ ಎದ್ದು ಬಂತು. ಹಿಮದ ಕೆಳಗೆ! ವಾಚರ್ ಅಣ್ಣ ಹೇಳಿದ ಪೊಟರೆ ಮರದ ಕಥೆ ಓದಿದಾಗ ಅದೇ ನೆನಪಾಯ್ತು.

ನಮ್ಮ ಏರಿಯಾದಲ್ಲಿ ಮನೆ ಸುತ್ತ 100 ಅಡಿ ಕ್ಲೀನ್ ಇಟ್ಕೋಬೇಕು ಅಂತ ಕಾನೂನೇ ಇದೆ. ಮನೆಗೆ ತಾಗಿರೋ ಮೊದಲ ಐದು ಅಡೀಲಿ ಕಸಕಡ್ಡಿ, ಸೌದೆ, ಒಣ ಗಿಡ ಏನೂ ಇಡಬೇಡಿ ಅಂತಾರೆ. ನಿಮ್ಮ ಪಂಪ್‌ಹೌಸ್‌ಗೂ ಅದೇ ಮಾಡಿ, ದುಡ್ಡು ಖರ್ಚಿಲ್ಲ.

---

ಕರಿಕೋಟು:

ಒಣಹುಲ್ಲಿನ ವಿಷ್ಯ ಬಂದಿದ್ದಕ್ಕೆ ನೆನಪಾಯ್ತು, ಬಂಡೀಪುರ ಉರೀತಿದ್ದ ಅದೇ ಹೊತ್ತಲ್ಲಿ, 2019ರ ಫೆಬ್ರವರಿ 23ಕ್ಕೆ, ಯಲಹಂಕ ಏರ್ ಶೋ ಪಾರ್ಕಿಂಗಲ್ಲಿ ಸುಮಾರು 300 ಕಾರು ಸುಟ್ಟವು. ಅಲ್ಲಿ ಯಾವ ಒಣಮರಾನೂ ಇರ್ಲಿಲ್ಲ. ಹುಲ್ಲು ಅಷ್ಟೆ.

---

ಕಂದಕದಾಚೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ. ಆರು ವಾರ ಆದ್ಮೇಲೆ ಏನಾಯ್ತು ಅಂತ ಹೇಳ್ತಿದೀನಿ.

ಅರ್ಜಿ ಹೊಸದಾಗಿ ಬರೆದೆ, ಕರಿಕೋಟು ಸಾರ್ ಹೇಳ್ದಂಗೆ, ಮೂರು ಕಡೆ ಸೀಲ್ ಹಾಕಿಸ್ದೆ. ಹದಿನೆಂಟನೇ ದಿನಕ್ಕೆ ಕಾಡಿನವರೂ ಲೈನ್‌ಮನ್ನೂ ಒಟ್ಟಿಗೆ ಬಂದ್ರು, ಇಬ್ರೂ ಒಂದೇ ಜಾಗದಲ್ಲಿ ನಿಂತಿದ್ದು ನಾನು ನೋಡಿದ್ದು ಅವತ್ತೇ ಫಸ್ಟು. ಮೂರು ಮರಾನೂ ಮಚ್ಚಿನ ಹಿಂಬದೀಲಿ ತಟ್ಟಿ ನೋಡಿದ್ರು. ದಿಂಡಿಗ ಡಬ್ ಡಬ್ ಅಂತು, ಒಳಗೆ ಪೂರ್ತಿ ಟೊಳ್ಳು. ಲೈನ್ ಆಫ್ ಮಾಡ್ಸಿ, ಹಗ್ಗ ಕಟ್ಟಿ, ಕಾಡಿನ ಕಡೆಗೇ ಬೀಳಂಗೆ ಉರುಳಿಸಿ ಅಲ್ಲೇ ತುಂಡು ಮಾಡಿ ಬಿಟ್ರು. ನಮ್ಮಪ್ಪ ಒಂದು ತುಂಡು ಕೇಳಿ ಬೈಸ್ಕೊಂಡ್ರು. ಮತ್ತಿ ನೆಟ್ಟಗಿದೆ, ಲೈನಿಗೆ ದೂರ, ಇರ್ಲಿ ಅಂದ್ರು. ಹೆಸರಿಲ್ಲದ ಮರ ಬಿದ್ರೂ ಕಂದಕಕ್ಕೇ ಬೀಳೋದು ಅಂತ ಬಿಟ್ರು. ಅದು ಕಂದಕಕ್ಕೆ ಅಡ್ಡ ಬಿದ್ರೆ ಆನೆಗೆ ಸೇತುವೆ ಆಗುತ್ತಲ್ಲ ಸಾರ್ ಅಂದೆ, ನಗಾಡಿ ಬಿಟ್ರು. ನನಗೆ ನಗು ಬರ್ಲಿಲ್ಲ.

ಲಂಟಾನ ಅವ್ರ ಕಡೇದು ತಂತಿ ಉದ್ದಕ್ಕೂ ಸುಮಾರು ಹತ್ತು ಮೀಟರ್ ಅಗಲ ಸವರಿದ್ರು. ಬೇರು ಕೀಳ್ಲಿಲ್ಲ, ಮಚ್ಚಲ್ಲಿ ಸವರಿದ್ದಷ್ಟೇ, ಅದನ್ನ ಆಗ್ಲೇ ಕೇಳಿದೆ, ಕೀಳೋಕೆ ಬೇರೆ ಎಸ್ಟಿಮೇಟ್ ಆಗ್ಬೇಕಂತೆ. ನಮ್ಮ ಕಡೇದು ನಾನು ಅಪ್ಪ ಇಬ್ರೂ ಹಾರೇಲಿ ಬುಡ ಎಬ್ಬಿಸಿ ತಲೆಕೆಳಗು ಮಾಡಿದೀವಿ, ನಾಕು ದಿನ ಹಿಡೀತು, ಕೈಯೆಲ್ಲಾ ಮುಳ್ಳು ಗೀರಿ ಬೆಕ್ಕು ಪರಚಿದಂಗಿದೆ. ಪಂಪ್‌ಹೌಸ್ ಸುತ್ತ ಜೋಳದ ಕಡ್ಡಿ ಬಣವೆ ಇತ್ತು, ಅದನ್ನ ಈಚೆಗೆ ತಂದ್ವಿ. ಇಷ್ಟು ವರ್ಷ ಅಲ್ಲೇ ಇಟ್ಟಿದ್ವಿ, ಯಾರಿಗೂ ತಲೆಗೇ ಹೋಗಿರ್ಲಿಲ್ಲ.

ಒಂದು ಡೌಟು: ಸವರಿದ ಲಂಟಾನ ಕಂದಕದ ದಡದಲ್ಲೇ ರಾಶಿ ಬಿದ್ದಿದೆ, ಈಗ ಒಣಗಿ ಚರಚರ ಅಂತಿದೆ. ಇದೇ ಒಂದು ಬಾಂಬ್ ಇದ್ದಂಗಿದೆಯಲ್ಲ?

---

ಹಳೇವಾಚರ್:

ಹೌದು ಬಾಂಬೇ. ಫೈರ್‌ಲೈನ್ ಸುಡೋ ತಂಡ ನಿಮ್ಮ ಕಡೆ ಬಂದಿದ್ಯೋ ಇಲ್ವೋ ವಿಚಾರ್ಸಿ, ಬಂದಾಗ ಇದನ್ನೂ ಸೇರ್ಸಿ ಬೆಳಗ್ಗೆ ಇಬ್ಬನೀಲೇ ಸುಡಿ ಅಂತ ಹೇಳಿ, ಸುಟ್ಟ ಮೇಲೆ ಬೂದಿ ಕೆದಕಿ ನೀರು ಹಾಕೋವರೆಗೂ ಅಲ್ಲೇ ನಿಂತಿರಿ, ಆರ್ತು ಅಂತ ಅವ್ರು ಹೇಳಿದ್ರೂ ಕೈ ಹಿಂಬದಿ ಹತ್ತಿರ ಹಿಡಿದು ಶಾಖ ನೋಡಿ. ಅಲ್ಲಿವರೆಗೂ ನಿಮ್ಮಪ್ಪಂಗೆ ಆ ಕಡೆ ಬೀಡಿ ಹಚ್ಚಬೇಡಿ ಅಂತ ಹೇಳಿ. ನಿಮ್ಮಪ್ಪ ಬೀಡಿ ಸೇದಲ್ಲ ಅಂದ್ರೆ ತಂತಿ ರಿಪೇರಿಗೆ ಬರೋರಿಗೆ ಹೇಳಿ.

ನೀವು ಕಿತ್ತಿರೋ ಕಡೆ ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಒಂದು ರೌಂಡ್ ಹೋಗಿ. ಬೀಜದ ಸಸಿ ಬಂದಿರ್ತವೆ, ಮೆಣಸಿನ ಸಸಿ ಥರ ಕಾಣುತ್ತೆ, ಎಲೆ ಹೊಸಕಿದ್ರೆ ವಾಸನೇಲೇ ಗೊತ್ತಾಗುತ್ತೆ. ಆವಾಗ ಎರಡು ಬೆರಳಲ್ಲಿ ಬರುತ್ತೆ. ದೀಪಾವಳಿಗೆ ಹೋದ್ರೆ ಮತ್ತೆ ಹಾರೆ ಬೇಕು.